ಏಳನೇ ತಿಂಗಳಲ್ಲೇ ಕೇಳಬೇಕಾದದ್ದು

ಸೀಮಂತಕ್ಕೆ ಯಾವ ಸೀರೆ, ಯಾವ ಛತ್ರ, ಊಟಕ್ಕೆ ಎಷ್ಟು ಜನ ಎಂಬುದೆಲ್ಲ ನಮ್ಮ ಮನೆಗಳಲ್ಲಿ ತಿಂಗಳ ಮೊದಲೇ ತೀರ್ಮಾನವಾಗಿರುತ್ತದೆ. ಹೊಟ್ಟೆ ಕುಯ್ದು ಮಗು ತೆಗೆಯುವುದೋ ಬೇಡವೋ ಎಂಬ ತೀರ್ಮಾನ ಮಾತ್ರ ಹೆರಿಗೆ ಕೋಣೆಯ ಬಾಗಿಲಲ್ಲಿ, ನರ್ಸ್ ಹಿಡಿದು ನಿಂತ ಕಾಗದದ ಮುಂದೆ, ಎರಡೇ ನಿಮಿಷದಲ್ಲಿ ಆಗುತ್ತದೆ. ‘ಮಗೂದು ಹಾರ್ಟ್‌ಬೀಟ್ ಕಮ್ಮಿ ಆಗ್ತಿದೆ, ಬೇಗ ಸೈನ್ ಮಾಡಿ’ ಅಂದರೆ ಮಾಡದ ಗಂಡ ಯಾವನಿದ್ದಾನೆ? ಮಾಡಲೂಬೇಕು. ಆ ಗಳಿಗೆಯಲ್ಲಿ ಯಾರೂ ಏನನ್ನೂ ಆಯ್ದುಕೊಳ್ಳಲಾರರು. ಆಯ್ಕೆ ಅಂತ ಏನಾದರೂ ಇದ್ದರೆ ಅದು ಎರಡು ಮೂರು ತಿಂಗಳು ಮುಂಚೆ, ಯಾರಿಗೂ ಅವಸರವಿಲ್ಲದಾಗ ಇರುತ್ತದೆ. ಎಲ್ಲಿ ಹೆರಬೇಕು, ಯಾರ ಕೈಯಲ್ಲಿ, ಏನೇನು ಮಾತಾಡಿಕೊಂಡು ಎಂಬುದಷ್ಟೇ ನಮ್ಮ ಕೈಲಿರುವುದು. ಉಳಿದದ್ದನ್ನು ಹೆರಿಗೆಯೇ ನಿರ್ಧರಿಸುತ್ತದೆ.

ಮೊದಲಿಗೆ, ಆಸ್ಪತ್ರೆಗಳನ್ನು ಬೈಯುವ ಮುನ್ನ ಒಂದು ಲೆಕ್ಕ. 2004–06ರ ಸುಮಾರಿಗೆ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 213 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ ಇಳಿದಿತ್ತು. 2019–21ರ ಹೊತ್ತಿಗೆ ರಾಜ್ಯದ ಹೆರಿಗೆಗಳಲ್ಲಿ ನೂರಕ್ಕೆ 97 ಆಸ್ಪತ್ರೆಯಲ್ಲೇ ಆಗುತ್ತಿದ್ದವು. ಆಶಾ ಕಾರ್ಯಕರ್ತೆಯರು, 108 ಆಂಬುಲೆನ್ಸ್, ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿ ಎಲ್ಲ ಸೇರಿ ಉಳಿಸಿದ ಜೀವಗಳಿವು. ಅದೇ ಹೊತ್ತಿಗೆ ಇನ್ನೊಂದು ಅಂಕಿ ಮೇಲಕ್ಕೆ ಹೋಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015–16ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಶೇ 23.6 ಸಿಸೇರಿಯನ್ ಆಗಿದ್ದವು. 2019–21ರಲ್ಲಿ ಶೇ 31.5. ಖಾಸಗಿ ಆಸ್ಪತ್ರೆಗಳನ್ನಷ್ಟೇ ತೆಗೆದುಕೊಂಡರೆ ಅರ್ಧಕ್ಕಿಂತ ಹೆಚ್ಚು, ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಲು ಭಾಗಕ್ಕಿಂತ ಕಡಿಮೆ. ಒಂದು ಜನಸಮುದಾಯದಲ್ಲಿ ಸಿಸೇರಿಯನ್ ಪ್ರಮಾಣ ಶೇ 10 ದಾಟಿದ ಮೇಲೆ ತಾಯಿ–ಮಗುವಿನ ಸಾವು ಮತ್ತಷ್ಟು ಇಳಿಯುವುದು ಕಾಣುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತ್ತು. ಹಾಗೆಂದು ನಿಮ್ಮ ಮಗಳಿಗೆ ಆದ ಆಪರೇಷನ್ ಅನಗತ್ಯವಾಗಿತ್ತೆಂದು ಅರ್ಥವಲ್ಲ. ರಾಜ್ಯದ ಸರಾಸರಿ ಯಾವ ಒಬ್ಬ ಬಸುರಿಯ ಹೊಟ್ಟೆಯೊಳಗೂ ಇಣುಕಿ ನೋಡುವುದಿಲ್ಲ.

ನಮ್ಮ ಕಡೆಯದೇ ಆದ ಒಂದು ತೊಡಕಿದೆ. ಅದರ ಬಗ್ಗೆ ಯಾರೂ ಬರೆಯುವುದಿಲ್ಲ. ಚೊಚ್ಚಲ ಹೆರಿಗೆ ತವರಿನದು. ಸೀಮಂತ ಅಥವಾ ಕುಬಸ ಮುಗಿಸಿಕೊಂಡು ಹುಡುಗಿ ಏಳು–ಎಂಟನೇ ತಿಂಗಳಿಗೆ ಬೆಂಗಳೂರಿನಿಂದ ಹಾಸನಕ್ಕೋ ಹುಬ್ಬಳ್ಳಿಯಿಂದ ಗದಗಕ್ಕೋ ಹೊರಡುತ್ತಾಳೆ. ಆರು ತಿಂಗಳು ನೋಡಿದ ಡಾಕ್ಟರು ಅಲ್ಲೇ ಉಳಿಯುತ್ತಾರೆ. ಹೆರಿಗೆ ಮಾಡಿಸುವವರು ಹೊಸಬರು. ಅಮ್ಮನ ಕೈಯಡುಗೆ, ಅಮ್ಮನ ಪಕ್ಕದ ನಿದ್ದೆ ದೊಡ್ಡವೇ, ಅದನ್ನು ಬಿಡಿ ಎಂದು ನಾನು ಹೇಳಲಾರೆ. ಆದರೆ ಹೊಸ ಆಸ್ಪತ್ರೆಯಲ್ಲಿ ಮೊದಲು ಮಾಡುವುದೇ ಹೊಸ ಸ್ಕ್ಯಾನ್. ಎಂಟನೇ ತಿಂಗಳ ಸ್ಕ್ಯಾನು ಹೆರಿಗೆಯ ತಾರೀಖು ಹೇಳುವುದರಲ್ಲಿ ಎರಡು ಮೂರು ವಾರ ಆಚೀಚೆ ಆಗಬಲ್ಲದು, ಏಕೆಂದರೆ ಅಷ್ಟು ಹೊತ್ತಿಗೆ ಒಂದೊಂದು ಮಗು ಒಂದೊಂದು ಗಾತ್ರ. ಮೂರು ತಿಂಗಳೊಳಗಿನ ಸ್ಕ್ಯಾನ್ ಹೆಚ್ಚೆಂದರೆ ವಾರದಷ್ಟು ತಪ್ಪೀತು. ಹಾಗಾಗಿ ಮೊದಲ ಮೂರು ತಿಂಗಳಲ್ಲಿ ಗೊತ್ತಾದ ತಾರೀಖನ್ನು ಕೊನೆಯ ಸ್ಕ್ಯಾನ್ ನೋಡಿ ಬದಲಿಸಬಾರದು. ಆ ಮೊದಲ ರಿಪೋರ್ಟ್ ಮಾತ್ರ ಬೆಂಗಳೂರಿನ ಬೀರುವಿನಲ್ಲಿ ಉಳಿದುಬಿಟ್ಟಿರುತ್ತದೆ! ತವರಿಗೆ ಬಂದವಳ ಕೈಯಲ್ಲಿ ಎರಡು ತಾರೀಖು. ಒಂದರ ಲೆಕ್ಕದಲ್ಲಿ ದಿನ ತುಂಬಿ ಮೀರಿದೆ, ಇನ್ನೊಂದರ ಲೆಕ್ಕದಲ್ಲಿ ಇನ್ನೂ ಹದಿನೈದು ದಿನ ಇದೆ. ಮೀರಿದೆ ಎಂದುಕೊಂಡರೆ ನೋವು ಬರಿಸುತ್ತಾರೆ, ಬಾಯಿ ತೆರೆಯುವುದಿಲ್ಲ, ಆಪರೇಷನ್ ಆಗುತ್ತದೆ. ಸೀಮಂತದ ಬುತ್ತಿ ಮರೆತರೂ ಪರವಾಗಿಲ್ಲ. ತಾಯಿ ಕಾರ್ಡು, ಮೊದಲ ಸ್ಕ್ಯಾನ್, ರಕ್ತದ ಗುಂಪು, ಬಿಪಿ–ಸಕ್ಕರೆಯ ರಿಪೋರ್ಟು ಒಂದೇ ಕವರಿನಲ್ಲಿ ಜೊತೆಗೆ ಹೋಗಬೇಕು. ಸಾಧ್ಯವಾದರೆ ಐದನೇ ತಿಂಗಳಲ್ಲೇ ಒಮ್ಮೆ ತವರಿನ ಡಾಕ್ಟರನ್ನು ಕಂಡು ಬರಬೇಕು.

ಅಂದಹಾಗೆ ಆ ತಾರೀಖು ಗಡುವೇನಲ್ಲ. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ಬರುವ ಒಂದು ಅಂದಾಜು ಅದು. ಸರಿಯಾಗಿ ಆ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು. 39ನೇ ವಾರದಿಂದ 41 ತುಂಬುವ ತನಕ ಎಂದು ಮನಸ್ಸಿನಲ್ಲಿಟ್ಟುಕೊಂಡರೆ ‘ಡೇಟ್ ಆಯ್ತಲ್ಲ, ಇನ್ನೂ ಆಗಲಿಲ್ವಾ?’ ಎಂಬ ನೆಂಟರ ಫೋನುಗಳಿಗೆ ಉತ್ತರ ಹೇಳುವುದು ಸುಲಭ. ಮುಹೂರ್ತ ನೋಡಿ ಸಿಸೇರಿಯನ್ ಮಾಡಿಸುವವರಿಗೂ ಇದೇ ಮಾತು. ಮೂಲಾ ನಕ್ಷತ್ರ ತಪ್ಪಿಸಲೆಂದು ಮಗುವನ್ನು 37ನೇ ವಾರಕ್ಕೇ ಹೊರಗೆ ತೆಗೆಸಿದರೆ, ಅದು ಉಸಿರಾಟದ ತೊಂದರೆಯಿಂದ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಸೇರುವ ಸಂಭವ ಹೆಚ್ಚು. ಜೋಯಿಸರನ್ನು ಕೇಳಲೇಬೇಕೆಂದಿದ್ದರೆ 39 ತುಂಬಿದ ಮೇಲಿನ ದಿನಗಳ ಪಟ್ಟಿಯನ್ನಷ್ಟೇ ಅವರ ಮುಂದಿಡಿ.

ಇದಕ್ಕೂ ಮುಂಚೆ ಬರುವ ಪರೀಕ್ಷೆಗಳಲ್ಲಿ ಜನ ಹೆಚ್ಚು ಹೆದರುವುದು ಡಬಲ್ ಮಾರ್ಕರ್ ರಿಪೋರ್ಟಿಗೆ. ‘1:200’ ಎಂದು ಬಂದರೆ ಮನೆಯಲ್ಲಿ ಸೂತಕದ ಕಳೆ. ಅಂಥದೇ ರಿಪೋರ್ಟ್ ಬಂದ ಇನ್ನೂರು ಬಸುರಿಯರಲ್ಲಿ ಒಬ್ಬರ ಮಗುವಿಗೆ ಡೌನ್ ಸಿಂಡ್ರೋಮ್‌ನಂಥ ತೊಂದರೆ ಇರಬಹುದು, ಉಳಿದ 199 ಮಕ್ಕಳಿಗೆ ಇರುವುದಿಲ್ಲ ಎಂದಷ್ಟೇ ಅದರ ಅರ್ಥ. ಅದು ಸೋಸುವ ಪರೀಕ್ಷೆ, ತೀರ್ಪಲ್ಲ. ಮಗುವಿನ ಅಂಗಾಂಗಗಳ ದೋಷ ನೋಡುವ, 18ರಿಂದ 20 ವಾರದ ಒಳಗಿನ ಅನಾಮಲಿ ಸ್ಕ್ಯಾನನ್ನು ಮಾತ್ರ ಆಷಾಢ ಕಳೆಯಲಿ, ಹಬ್ಬ ಮುಗಿಯಲಿ ಎಂದು ಮುಂದೂಡಬೇಡಿ. 2021ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ 20 ವಾರದವರೆಗಿನ ಗರ್ಭಪಾತಕ್ಕೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 24ರವರೆಗೆ ಕೆಲವು ವರ್ಗದ ಮಹಿಳೆಯರಿಗಷ್ಟೇ ಅವಕಾಶ, ಅದಕ್ಕೆ ಇಬ್ಬರು ವೈದ್ಯರು ಬೇಕು. ಅದರಾಚೆ, ಭ್ರೂಣದಲ್ಲಿ ಗಂಭೀರ ದೋಷವಿದ್ದರೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಗರ್ಭ ಉಳಿಸಿಕೊಳ್ಳುವುದಾಗಲಿ ಬಿಡುವುದಾಗಲಿ, ಯೋಚಿಸಲು ಆ ಹುಡುಗಿಗೆ ಸಮಯ ಸಿಗಬೇಕಾದರೆ ಸ್ಕ್ಯಾನು ಹೊತ್ತಿಗೆ ಸರಿಯಾಗಿ ಆಗಿರಬೇಕು.

ಇನ್ನು ಆಸ್ಪತ್ರೆ. ‘ಯಾವ ಆಸ್ಪತ್ರೆ ಒಳ್ಳೇದು?’ ಎಂದು ಕೇಳಿದರೆ ಎಸಿ ರೂಮು, ಕ್ಯಾಂಟೀನಿನ ಕಾಫಿ, ಪ್ಯಾಕೇಜಿನ ದರ ಕಿವಿಗೆ ಬೀಳುತ್ತವೆ. ‘ನಿಮ್ಮಲ್ಲಿ ಸಿಸೇರಿಯನ್ ಎಷ್ಟು?’ ಎಂದು ನೇರ ಕೇಳಿದರೂ ಪ್ರಯೋಜನ ಕಡಿಮೆ. ಸುತ್ತಲ ಊರುಗಳ ಕಷ್ಟದ ಕೇಸುಗಳೆಲ್ಲ ಬಂದು ಬೀಳುವ ದೊಡ್ಡಾಸ್ಪತ್ರೆಯಲ್ಲಿ ಅದು ಹೆಚ್ಚೇ ಇರುತ್ತದೆ, ಇರಬೇಕು ಕೂಡ. ಐರ್ಲೆಂಡಿನ ಪ್ರಸೂತಿ ತಜ್ಞ ಮೈಕೆಲ್ ರಾಬ್ಸನ್ 2001ರಲ್ಲಿ ಹೆರಿಗೆಗೆ ಬರುವ ಎಲ್ಲರನ್ನೂ ಹತ್ತು ಗುಂಪು ಮಾಡಿ ಲೆಕ್ಕ ಹಾಕುವ ದಾರಿ ತೋರಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಈಗ ಅದನ್ನೇ ಶಿಫಾರಸು ಮಾಡುತ್ತದೆ. ಅದರ ತಿರುಳನ್ನು ಮನೆಯ ಮಾತಲ್ಲೇ ಕೇಳಬಹುದು: ‘ಮೇಡಂ, ಮೊದಲ ಹೆರಿಗೆ, ಒಂದೇ ಮಗು, ತಲೆ ಕೆಳಗಿದೆ, ದಿನ ತುಂಬಿದೆ, ನೋವು ತಾನಾಗೇ ಬಂದಿದೆ. ಅಂಥವರಲ್ಲಿ ಹತ್ತರಲ್ಲಿ ಎಷ್ಟು ಜನಕ್ಕೆ ನಿಮ್ಮಲ್ಲಿ ಆಪರೇಷನ್ ಆಗುತ್ತೆ?’ ಉತ್ತರ ಎಷ್ಟೇ ಬರಲಿ, ಅದನ್ನು ಹೇಳುವ ರೀತಿಯನ್ನು ಗಮನಿಸಿ. ಯೋಚಿಸಿ ಹೇಳುವ ಡಾಕ್ಟರಿದ್ದಾರೆ. ‘ಅದೆಲ್ಲ ನಿಮಗ್ಯಾಕೆ, ನಮಗೆ ಬಿಡಿ’ ಎನ್ನುವವರೂ ಇದ್ದಾರೆ. ಪಕ್ಕದಲ್ಲಿ ಕೂತ ಅಮ್ಮ ‘ಸುಮ್ನಿರೇ, ಅವರಿಗೆ ಗೊತ್ತಿಲ್ವಾ?’ ಎಂದು ತೊಡೆ ಚಿವುಟುತ್ತಾಳೆ. ಚಿವುಟಲಿ. ಹೆರಿಗೆ ನೋವಿನ ನಡುವೆ ಸಿಗುವ ಉತ್ತರ ಹೇಗಿರುತ್ತದೆಂದು ಏಳನೇ ತಿಂಗಳಲ್ಲೇ ತಿಳಿಯುತ್ತದೆ.

ಕೇಳಬೇಕಾದ ಇನ್ನೊಂದು ಪ್ರಶ್ನೆ ರಾತ್ರಿಯ ಬಗ್ಗೆ. ತಾಲ್ಲೂಕು ಕೇಂದ್ರದ ಒಬ್ಬರೇ ಡಾಕ್ಟರಿನ ನರ್ಸಿಂಗ್ ಹೋಮಿಗೆ ಅರಿವಳಿಕೆ ತಜ್ಞರು ಜಿಲ್ಲಾ ಕೇಂದ್ರದಿಂದ ಬರಬೇಕು. ಸಂಜೆ ಆರಕ್ಕೆ ಕರೆದರೆ ಬರುತ್ತಾರೆ, ನಡುರಾತ್ರಿ ಎರಡಕ್ಕೆ ಬರುವ ಭರವಸೆಯಿಲ್ಲ. ಹೆರಿಗೆ ನಿಧಾನವಾಗಿದೆ, ಮಗು ಚೆನ್ನಾಗಿದೆ, ಇನ್ನೂ ಕಾಯಬಹುದು. ಆದರೆ ರಾತ್ರಿ ಏನಾದರೂ ಆದರೆ? ಸಂಜೆಯೇ ಕುಯ್ದುಬಿಡುವುದು ಅಲ್ಲಿ ದುಡ್ಡಿನ ಆಸೆಯಿಂದಲೇ ಆಗಬೇಕಿಲ್ಲ, ಭಯದಿಂದಲೂ ಆಗುತ್ತದೆ. ತಾಯಿಯೋ ಮಗುವೋ ಹೋದರೆ ಗಾಜು ಒಡೆಯುವ ನೆಂಟರ ಭಯವೂ ಅದರಲ್ಲಿ ಸೇರಿದೆ. ಇದನ್ನು ಬಲ್ಲವರು ಬೇರೆ ಜಾಗ ಹುಡುಕಬಹುದು, ಇಲ್ಲವೇ ಬಲ್ಲೆವೆಂಬ ಅರಿವಿನಲ್ಲೇ ಅಲ್ಲಿಗೆ ಹೋಗಬಹುದು.

ಮೂರನೆಯದು ರಕ್ತ. ಹೆರಿಗೆಯಲ್ಲಿ ತಾಯಂದಿರನ್ನು ಕೊಲ್ಲುವ ಕಾರಣಗಳಲ್ಲಿ ಮುಂಚೂಣಿಯಲ್ಲಿರುವುದು ಹೆರಿಗೆಯ ನಂತರದ ರಕ್ತಸ್ರಾವ. ಇದರ ಬಗ್ಗೆ ಜಗತ್ತು ಉಲ್ಲೇಖಿಸುವ ಒಂದು ಅಧ್ಯಯನ ನಡೆದದ್ದು ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ. ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ 1,620 ಹೆರಿಗೆಗಳಲ್ಲಿ ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಮಾತ್ರೆಯನ್ನು ಪರೀಕ್ಷಿಸಿದರು. ಮಾತ್ರೆ ಕೊಟ್ಟವರು ಹಳ್ಳಿಯ ಎಎನ್‌ಎಂ ಸಿಸ್ಟರುಗಳು. ಅತಿರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. ಇದು 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಅಧ್ಯಯನದಲ್ಲಿ ಬಳಸಿದ ಒಂದು ಸರಳ ಸಾಧನ ನನಗೆ ಮಾತ್ರೆಗಿಂತ ಇಷ್ಟ: ಸೊಂಟದ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಅದರ ತುದಿಯಲ್ಲಿ ಗೆರೆ ಹಾಕಿದ ಚೀಲ. ಬಟ್ಟೆ, ಹತ್ತಿ, ನೆಲಕ್ಕೆಲ್ಲ ಹರಡಿದ ರಕ್ತವನ್ನು ಕಣ್ಣಂದಾಜಿನಲ್ಲಿ ನೋಡಿದರೆ ಅನುಭವಸ್ಥರೂ ಕಡಿಮೆ ಹೇಳುತ್ತಾರೆ. ಚೀಲದಲ್ಲಿ 500 ಮಿಲಿಲೀಟರ್ ಗೆರೆ ದಾಟಿದ್ದು ಎಲ್ಲರಿಗೂ ಕಾಣುತ್ತದೆ. ‘ರಕ್ತ ಹೋದರೆ ಹೇಗೆ ಅಳೆಯುತ್ತೀರಿ, ಬೇಕಾದರೆ ರಕ್ತ ಎಲ್ಲಿಂದ, ಎಷ್ಟು ಹೊತ್ತಲ್ಲಿ ಬರುತ್ತದೆ?’ ಎಂದು ಕೇಳಿ. ಕಾಫಿಯ ರುಚಿ ಆಮೇಲೆ ನೋಡಿದರಾಯಿತು.

ಮನೆಯಲ್ಲೇ ಹೆರುತ್ತೇವೆ, ಎಲ್ಲ ನೈಸರ್ಗಿಕವಾಗಿ ಆಗಲಿ ಎನ್ನುವವರ ಒಂದು ಸಣ್ಣ ಗುಂಪು ನಗರಗಳಲ್ಲಿ ಬೆಳೆಯುತ್ತಿದೆ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರಲ್ಲ ಎಂದು ಅವರು ನೆನಪಿಸುತ್ತಾರೆ. ನರಸಮ್ಮನ ಕೈಗೆ ದಶಕಗಳ ಅನುಭವವಿತ್ತು. ಅದೇ 2018ರಲ್ಲಿ ತಮಿಳುನಾಡಿನ ತಿರುಪ್ಪೂರಿನಲ್ಲಿ ಯೂಟ್ಯೂಬ್ ನೋಡಿ ಮನೆಯಲ್ಲೇ ಹೆರಿಗೆ ಮಾಡಿಸಲು ಹೋಗಿ ಶಿಕ್ಷಕಿಯೊಬ್ಬರು ರಕ್ತಸ್ರಾವದಿಂದ ತೀರಿಕೊಂಡರು. ತರಬೇತಾದ ಮಿಡ್‌ವೈಫ್‌ಗಳು ಆಸ್ಪತ್ರೆಯೊಳಗೇ ಹೆರಿಗೆ ನೋಡಿಕೊಳ್ಳುವ ವ್ಯವಸ್ಥೆಗೆ ಕೇಂದ್ರ ಸರ್ಕಾರ ಆ ವರ್ಷದ ಕೊನೆಯಲ್ಲಿ ಮಾರ್ಗಸೂಚಿ ಹೊರಡಿಸಿತು. ನನ್ನ ಮತ ಅದಕ್ಕೆ.

ಈಗ ಹೆರಿಗೆ ಕೋಣೆಯಿಂದ ಹೊರಬರುವ ಮಾತುಗಳು. ‘ನೀರು ಕಮ್ಮಿ ಇದೆ’, ‘ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ಕೊಂಡಿದೆ’, ‘ಮಗು ಒಳಗೇ ಮೋಷನ್ ಮಾಡ್ಕೊಂಡಿದೆ’, ‘ಬಾಯಿ ತೆರೀತಿಲ್ಲ’. ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತಿದ್ದರೆ, ಮಗು ಅಡ್ಡ ಮಲಗಿದ್ದರೆ, ಎದೆಬಡಿತ ಇಳಿದು ಮೇಲೇಳದಿದ್ದರೆ ಮಾತಿಗೆ ಜಾಗವಿಲ್ಲ, ಆಪರೇಷನ್ನೇ ದಾರಿ. ಉಳಿದವು ಒಂದೊಂದೂ ಒಂದೊಂದು ತೂಕದವು. ಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿರುವುದು ನಾಲ್ಕೈದು ಮಕ್ಕಳಲ್ಲಿ ಒಂದರಲ್ಲಿ ಕಾಣುವಂಥದ್ದು. ಹೆಚ್ಚಿನವು ಸಲೀಸಾಗಿ ಹುಟ್ಟುತ್ತವೆ, ತಲೆ ಹೊರಬಂದಾಗ ದಾದಿ ಬೆರಳಲ್ಲಿ ಸರಿಸುತ್ತಾಳೆ. ಸ್ಕ್ಯಾನಿನಲ್ಲಿ ಕಂಡ ಮಾತ್ರಕ್ಕೆ ಕುಯ್ಯಬೇಕಿಲ್ಲ. ನೀರನ್ನು ಎರಡು ಬಗೆಯಲ್ಲಿ ಅಳೆಯುತ್ತಾರೆ: ನಾಲ್ಕು ಮೂಲೆಯದನ್ನು ಕೂಡಿಸಿ, ಇಲ್ಲವೇ ಎಲ್ಲಕ್ಕಿಂತ ಆಳವಾದ ಒಂದು ಜಾಗದ್ದನ್ನಷ್ಟೇ ನೋಡಿ. ಕೂಡಿಸುವ ಲೆಕ್ಕದಲ್ಲಿ ‘ಕಮ್ಮಿ’ ಎಂಬ ಹಣೆಪಟ್ಟಿ ಹೆಚ್ಚು ಜನಕ್ಕೆ ಅಂಟುತ್ತದೆ, ನೋವು ಬರಿಸುವುದೂ ಹೆಚ್ಚುತ್ತದೆ, ಮಕ್ಕಳಿಗೆ ಅದರಿಂದ ಲಾಭವಾದದ್ದು ಕಂಡಿಲ್ಲ.

ಬಾಯಿ ತೆರೆಯದ ಮಾತಿಗೆ ಒಂದು ಇತಿಹಾಸವಿದೆ. 1955ರಲ್ಲಿ ನ್ಯೂಯಾರ್ಕಿನ ಇಮ್ಯಾನುಯೆಲ್ ಫ್ರೀಡ್‌ಮನ್ 500 ಚೊಚ್ಚಲ ಹೆರಿಗೆಗಳನ್ನು ಗಮನಿಸಿ ಒಂದು ನಕ್ಷೆ ಬರೆದರು. ಗಂಟೆಗೆ ಒಂದು ಸೆಂಟಿಮೀಟರಿನಂತೆ ಬಾಯಿ ತೆರೆಯಬೇಕೆಂಬ ಲೆಕ್ಕ ಅಲ್ಲಿಂದ ಬೆಳೆದು ಜಗತ್ತಿನ ಹೆರಿಗೆ ಕೋಣೆಗಳ ಗೋಡೆಗೆ ಅಂಟಿತು. ಆ ವೇಗ ಎಲ್ಲರಿಗೂ ಒಪ್ಪುವ ಅಳತೆಯಲ್ಲ, ಅದೊಂದನ್ನೇ ಹಿಡಿದು ಏನೂ ಮಾಡಬೇಡಿ, ಹೆರಿಗೆಯ ನಿಜವಾದ ಓಟ ಶುರುವಾಗುವುದೇ 5 ಸೆಂಟಿಮೀಟರ್ ಆದ ಮೇಲೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ನಮ್ಮಲ್ಲಿ ‘ಎರಡು ಬೆರಳು ತೆರೆದಿದೆ’ ಎಂದ ಕೂಡಲೇ ಭರ್ತಿ ಮಾಡಿ, ಮಲಗಿಸಿ, ಡ್ರಿಪ್ ಹಾಕಿ, ಎಂಟು ಗಂಟೆ ಕಳೆದ ಮೇಲೆ ‘ಮುಂದೆ ಹೋಗ್ತಿಲ್ಲ’ ಎನ್ನುವುದು ಎಷ್ಟು ಸಲ! ಓಟ ಶುರುವಾಗದೆ ಸೋತಳೆಂದು ಬರೆದುಕೊಂಡ ಹಾಗೆ. ನೋವಿನ ನಡುವೆ ಓಡಾಡಲು, ಕುಳಿತುಕೊಳ್ಳಲು, ನೀರು ಕುಡಿಯಲು ಬಿಡುತ್ತೀರಾ, ಪಕ್ಕದಲ್ಲಿ ಒಬ್ಬರು ಇರಬಹುದೇ, ಕೆಳಗೆ ಕತ್ತರಿ ಹಾಕುವುದು ಎಲ್ಲರಿಗೂ ಮಾಡುತ್ತೀರಾ ಎಂಬ ಮೂರೂ ಆಸ್ಪತ್ರೆ ಗೊತ್ತುಮಾಡುವಾಗಲೇ ಕೇಳಬಹುದಾದವು. ಬಸುರಿ ಬಯಸಿದ ಹೆಂಗಸೊಬ್ಬರು ಜೊತೆಗಿರಲು ಸರ್ಕಾರಿ ಆಸ್ಪತ್ರೆಗಳಲ್ಲೇ 2016ರಿಂದ ಕೇಂದ್ರದ ಅನುಮತಿಯಿದೆ. ಎಲ್ಲರಿಗೂ ಕತ್ತರಿ ಹಾಕುವ ರೂಢಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವುದಿಲ್ಲ.

ಸಹಿಯ ವಿಷಯಕ್ಕೆ ಬರೋಣ. ಗಂಡನದ್ದೋ ಅತ್ತೆಯದ್ದೋ ಸಹಿ ಇಲ್ಲದೆ ಕೆಲಸ ನಡೆಯುವುದಿಲ್ಲ ಎಂಬುದು ವಾರ್ಡುಗಳ ರೂಢಿ, ಕಾನೂನಲ್ಲ. ದೆಹಲಿಯ 44 ವರ್ಷದ ಮಹಿಳೆಯೊಬ್ಬರು ತಪಾಸಣೆಗೆಂದು ಅರಿವಳಿಕೆಯಲ್ಲಿದ್ದಾಗ ಹೊರಗಿದ್ದ ತಾಯಿಯ ಸಹಿ ಪಡೆದು ಅವರ ಗರ್ಭಕೋಶ, ಅಂಡಾಶಯ ತೆಗೆಯಲಾಗಿತ್ತು. ರೋಗಿ ವಯಸ್ಕಳು, ಬುದ್ಧಿ ಸ್ತಿಮಿತದಲ್ಲಿದೆ, ಜೀವಕ್ಕೆ ತತ್‌ಕ್ಷಣದ ಅಪಾಯವಿಲ್ಲ ಎಂದಾಗ ತಾಯಿಯ ಒಪ್ಪಿಗೆ ಒಪ್ಪಿಗೆಯೇ ಅಲ್ಲ, ಅವಳಿಗೆ ಎಚ್ಚರವಾಗುವ ತನಕ ಕಾಯಬೇಕಿತ್ತು ಎಂದು ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ಏನು ಮಾಡುತ್ತೇವೆ, ಏಕೆ, ಬೇರೆ ದಾರಿ ಏನಿದೆ, ಅಪಾಯವೇನು, ಬೇಡವೆಂದರೆ ಏನಾಗುತ್ತದೆ ಎಂಬುದನ್ನು ರೋಗಿಗೇ ತಿಳಿಸಬೇಕೆಂದೂ ಹೇಳಿತು. ಹೆರುವವಳ ಹೊಟ್ಟೆಗೆ ಹೆರುವವಳದ್ದೇ ಸಹಿ ಸಾಕು. ಗಂಡ ಜೊತೆಗಿದ್ದರೆ ಒಳ್ಳೆಯದು, ಅದು ಬೇರೆ ಮಾತು.

ಸಿಸೇರಿಯನ್ ಆದವರು ಮನೆಗೆ ಹೊರಡುವಾಗ ಬಿಲ್ಲಿನಷ್ಟೇ ಎಚ್ಚರದಿಂದ ಡಿಸ್ಚಾರ್ಜ್ ಸಮ್ಮರಿಯನ್ನೂ ಓದಬೇಕು. ಯಾಕೆ ಆಪರೇಷನ್ ಆಯಿತು, ಗರ್ಭಕೋಶದ ಮೇಲಿನ ಗಾಯ ಅಡ್ಡವೋ ಉದ್ದವೋ ಎಂದು ಬರೆದಿದೆಯೇ? ಮುಂದಿನ ಬಸಿರಿನಲ್ಲಿ ನಾರ್ಮಲ್ ಪ್ರಯತ್ನಿಸಬಹುದೋ ಇಲ್ಲವೋ ಎಂಬುದು ಆ ಎರಡು ಸಾಲಿನ ಮೇಲೆ ನಿಂತಿದೆ. ಯೋಗ್ಯರನ್ನು ಆರಿಸಿ, ತುರ್ತು ಆಪರೇಷನ್ ವ್ಯವಸ್ಥೆ ಇರುವಲ್ಲಿ ಪ್ರಯತ್ನಿಸಿದರೆ ನೂರರಲ್ಲಿ 60ರಿಂದ 80 ಮಂದಿಗೆ ಆಗುತ್ತದೆ. ಹಳೆಯ ಗಾಯ ಬಿಚ್ಚಿಕೊಳ್ಳುವ ಅಪಾಯ ನೂರಕ್ಕೆ ಒಂದಕ್ಕಿಂತ ಕಡಿಮೆ, ಆದರೆ ಬಿಚ್ಚಿಕೊಂಡರೆ ಅದು ದೊಡ್ಡ ಗಂಡಾಂತರವೇ. ಸಿಸೇರಿಯನ್ ಮೇಲೆ ಸಿಸೇರಿಯನ್ ಆಗುತ್ತಾ ಹೋದರೆ ಮಾಸು ಹಳೆಯ ಗಾಯಕ್ಕೆ ಬೇರುಬಿಟ್ಟು ಬಿಡಿಸಲಾಗದ ಸ್ಥಿತಿ ಹೆಚ್ಚುತ್ತದೆ. ಎರಡು ಮೂರು ಮಕ್ಕಳು ಬೇಕೆನ್ನುವವರಿಗೆ ಇದನ್ನು ಮೊದಲ ಹೆರಿಗೆಗೆ ಮುಂಚೆಯೇ ಹೇಳಬೇಕು, ಹೇಳುವುದಿಲ್ಲ. ದಾಖಲೆಯ ಪ್ರತಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಲ್ಲಿದೆ.

ಇಷ್ಟೆಲ್ಲ ಕೇಳಿ, ತಿಳಿದು ಹೋದರೂ ಕೈಮೀರಿದ್ದು ಇರುತ್ತದೆ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅನುಮಾನ ಬಂದದ್ದು ಅವರಿಗೆ ಹಾಕಿದ ಗ್ಲೂಕೋಸ್ ಬಾಟಲಿಯಂಥ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಯಾವ ಬಸುರಿ, ಯಾವ ಪ್ರಶ್ನೆ ಕೇಳಿ, ಅದನ್ನು ತಪ್ಪಿಸಬಹುದಿತ್ತು? ‘ತಿಳಿದು ಆರಿಸಿಕೊಳ್ಳಿ’ ಎಂಬ ಉಪದೇಶ ಸರ್ಕಾರದ ಹೊಣೆಯನ್ನು ಹೆಂಗಸರ ತಲೆಗೆ ಕಟ್ಟುವ ಉಪಾಯವಾಗಬಾರದು. ಆಯ್ದುಕೊಳ್ಳಲು ಒಂದೇ ಆಸ್ಪತ್ರೆ ಇರುವವರೇ ಈ ರಾಜ್ಯದಲ್ಲಿ ಬಹಳ ಮಂದಿ.

ಬಾಣಂತನದಲ್ಲಿ ಎಲ್ಲವನ್ನೂ ಮೂಢನಂಬಿಕೆ ಎಂದು ಎಸೆಯಬೇಕಿಲ್ಲ. ಎಣ್ಣೆನೀರು, ಬಿಸಿಯೂಟ, ಸಬ್ಬಸಿಗೆ ಸೊಪ್ಪು, ಅಂಟಿನುಂಡೆ, ಮೂರು ತಿಂಗಳ ಆರೈಕೆ ಇರಲಿ. ನೀರು ಕುಡಿಯಬಾರದೆಂಬ ನಿಯಮ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ, ಹುಟ್ಟಿದ ಮಗುವಿನ ನಾಲಗೆಗೆ ಜೇನು, ಈ ಮೂರನ್ನು ಬಿಡಬೇಕು. ‘ಹಾಲು ಸಾಲ್ತಿಲ್ಲ, ಪುಡಿ ಹಾಲು ತರ್ತೀರಾ?’ ಎಂಬ ಮಾತು ಎರಡನೇ ದಿನಕ್ಕೇ ಬರುತ್ತದೆ. ಮೊದಲ ದಿನಗಳ ಹಳದಿ ಹಾಲು ಚಮಚದ ಲೆಕ್ಕದ್ದು, ಮಗುವಿನ ಹೊಟ್ಟೆಯೂ ಅಷ್ಟೇ ಚಿಕ್ಕದು. ಐದನೇ ದಿನದ ಹೊತ್ತಿಗೆ ಮಗು ದಿನಕ್ಕೆ ಆರು ಸಲ ಉಚ್ಚೆ ಹೊಯ್ಯುತ್ತಿದ್ದರೆ ಸಾಮಾನ್ಯವಾಗಿ ಹಾಲು ಸಾಲುತ್ತಿದೆ ಎಂದೇ ಅರ್ಥ. ಅದಕ್ಕಿಂತ ಕಡಿಮೆಯಾದರೆ ತೋರಿಸಬೇಕು. ಪುಡಿ ಹಾಲಿನ ಜಾಹೀರಾತನ್ನೂ ಪುಕ್ಕಟೆ ಡಬ್ಬಿ ಹಂಚುವುದನ್ನೂ 1992ರ ಕಾಯ್ದೆ ನಿಷೇಧಿಸಿದೆ.

ಎಲ್ಲಕ್ಕಿಂತ ಕಡಿಮೆ ಮಾತಾಡುವುದು ಬಾಣಂತಿಯ ಮನಸ್ಸಿನ ಬಗ್ಗೆ. ಮೂರನೇ ದಿನ ಕಾರಣವಿಲ್ಲದೆ ಅಳು ಬರುವುದು, ವಾರ ಹತ್ತು ದಿನದಲ್ಲಿ ತಾನೇ ಹೋಗುವುದು ಬಹಳ ಮಂದಿಗೆ ಆಗುವಂಥದ್ದು. ಎರಡು ವಾರ ಕಳೆದ ಮೇಲೂ ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ಮಗುವನ್ನು ಎತ್ತಿಕೊಳ್ಳಲು ಮನಸ್ಸಾಗದಿದ್ದರೆ, ತಾನಿಲ್ಲದಿದ್ದರೇ ಮೇಲು ಎಂದು ಅನಿಸುತ್ತಿದ್ದರೆ ಅದು ಕಾಯಿಲೆ. ಇಲ್ಲದ್ದು ಕೇಳಿಸತೊಡಗಿದರೆ, ಯಾರೋ ಮಗುವಿಗೆ ಏನೋ ಮಾಡುತ್ತಾರೆಂಬ ಭಯ ಹತ್ತಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ದೃಷ್ಟಿ ತೆಗೆಸಿ, ತಾಯಿತ ಕಟ್ಟಿ ಕಳೆದ ಒಂದೊಂದು ವಾರವೂ ಅವಳ ಪಾಲಿಗೆ ನಷ್ಟ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ–ಮಗುವನ್ನು ಬೇರೆ ಮಾಡದೆ ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗವಿದೆ. ಜೊತೆಗೆ ಮನೆಯವರೊಬ್ಬರು ಉಳಿಯಬಹುದು. ದೂರದ ಊರಿನವರು 14416ಕ್ಕೆ ಫೋನ್ ಮಾಡಬಹುದು; ಅದು ಟೆಲಿ–ಮಾನಸ್ ಸಹಾಯವಾಣಿ, ಹಗಲು ರಾತ್ರಿ ನಡೆಯುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬಾಣಂತಿಗೇ ಮಾತಾಡುವ ಶಕ್ತಿ ಇಲ್ಲದಿದ್ದರೆ ಗಂಡನೋ ಅಮ್ಮನೋ ಮಾಡಿದರೂ ಆಯಿತು.